ಮನೆಯ ಚಿತ್ರಮಂದಿರಕ್ಕೆ ಟಿವಿಯ ಆಯ್ಕೆ: ಕೋಣೆಯ ಅಳತೆ, ಬೆಳಕು ಮತ್ತು ಲೆಕ್ಕಪುಸ್ತಕ

ಟಿವಿಯ ವಿಷಯದಲ್ಲಿ ಕೊಪ್ಪಳ ಸೀಮೆಯು ರಾಜ್ಯದ ರಾಜಧಾನಿಗಿಂತ ಮುಂದಿತ್ತೆಂದರೆ ಇಂದಿನ ಪೀಳಿಗೆಯ ವರ್ತಕರಿಗೆ ಆಶ್ಚರ್ಯವಾಗಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ನೆರವಿನಿಂದ, ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಶೈಕ್ಷಣಿಕ ಟಿವಿ ಪ್ರಯೋಗ ನಡೆಯಿತು. ಕರ್ನಾಟಕದಿಂದ ಅದಕ್ಕೆ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಯ ಭಾಗವಾಗಿದ್ದವು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು.

ಆ ಪ್ರಯೋಗದಲ್ಲಿ ಆಯ್ಕೆಯಾದ ಒಂದೊಂದು ಹಳ್ಳಿಗೂ ಒಂದೊಂದು ಸೆಟ್. ಇಡೀ ಊರು ಒಂದೇ ಕಪ್ಪು-ಬಿಳುಪು ಪರದೆಯ ಮುಂದೆ ಕುಳಿತು ನೋಡಬೇಕಾಗಿತ್ತು. ಅರ್ಧ ಶತಮಾನದ ಬಳಿಕ ಅದೇ ಸೀಮೆಯಲ್ಲಿ, ಗಂಗಾವತಿಯ ಅಕ್ಕಿ ಗಿರಣಿಯವರಿಂದ ಹಿಡಿದು ಕುಕನೂರು, ಕುಷ್ಟಗಿ ಪೇಠೆಗಳ ಅಂಗಡಿಕಾರರವರೆಗೆ, ಹೊಸ ಮನೆ ಕಟ್ಟಿಸುವವರು ಒಂದು ಗೋಡೆಯನ್ನೇ ಟಿವಿಗೆಂದು ಬಿಡಿಸುತ್ತಿದ್ದಾರೆ. ಅನುಕೂಲವಿದ್ದವರು ‘ಹೋಂ ಥಿಯೇಟರ್’ ಎಂದು ಪ್ರತ್ಯೇಕ ಕೋಣೆಯನ್ನೇ ಮಾಡಿಸುತ್ತಿದ್ದಾರೆ. ಒಂದು ಲಕ್ಷ ರೂಪಾಯಿಗೆ ಮೇಲ್ಪಟ್ಟ ಈ ಖರೀದಿಯು ಅನೇಕ ವೇಳೆ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಹಿಡಿ ಭತ್ತವನ್ನು ಅಂಗೈಯಲ್ಲಿ ಉಜ್ಜಿ ನೋಡದೆ ಒಂದು ಚೀಲವನ್ನೂ ಕೊಳ್ಳದ ವರ್ತಕ, ಟಿವಿಯ ವಿಷಯಕ್ಕೆ ಬಂದಾಗ ಅಂಗಡಿಯಲ್ಲಿ ಹೆಚ್ಚು ಹೊಳೆದದ್ದನ್ನು ಒಳ್ಳೆಯದೆಂದು ನಂಬಿ ಹಣ ಎಣಿಸುತ್ತಾನೆ. ಬಿಲ್ಲನ್ನು ಯಾರ ಹೆಸರಿಗೆ ಬರೆಸಬೇಕೆಂಬಲ್ಲಿ ಎರಡನೆಯ ತಪ್ಪನ್ನೂ ಮಾಡುತ್ತಾನೆ. ಈ ಎರಡೂ ತಪ್ಪುಗಳನ್ನು ತಪ್ಪಿಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲು ಕೋಣೆ, ಆಮೇಲೆ ಪರದೆ

ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ನೋಡದವರು ಈ ಭಾಗದಲ್ಲಿ ವಿರಳ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಈ ಗುಡಿಯನ್ನು ಅಲ್ಲಿಯ 1112ರ ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ದೂರದಿಂದ ನೋಡಿದವರಿಗೆ ಗೋಡೆ, ಶಿಖರ ಮತ್ತು ಕಂಬಗಳ ಸಾಲು ಕಾಣುತ್ತವೆ. ನಾಲ್ಕಾರು ಅಡಿಗಳ ಹತ್ತಿರಕ್ಕೆ ಹೋದಾಗಲೇ ಬಳಪದ ಕಲ್ಲಿನ ಬಳ್ಳಿಯ ಎಲೆ ಎಲೆಯೂ ಬಿಡಿಬಿಡಿಯಾಗಿ ಕಾಣುವುದು. ಕೆತ್ತನೆಯ ಸೂಕ್ಷ್ಮವು ಎರಡು ಸಂದರ್ಭಗಳಲ್ಲಿಯೂ ಒಂದೇ. ಬದಲಾದದ್ದು ನೋಡುವವನು ನಿಂತ ದೂರ.

ಟಿವಿಯ ಪರದೆಗೂ ಇದೇ ನಿಯಮ ಅನ್ವಯಿಸುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920 ಮತ್ತು ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. 4ಕೆ ಪರದೆಯಲ್ಲಿ ಅವು 3,840 ಮತ್ತು 2,160, ಅಂದರೆ ಒಟ್ಟಿನಲ್ಲಿ ನಾಲ್ಕು ಪಟ್ಟು. ಆದರೆ ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಸಣ್ಣದಾದ ಅಂತರವನ್ನು ಬೇರ್ಪಡಿಸಿ ಕಾಣಲಾರದು. ಈ ಲೆಕ್ಕದಂತೆ 55 ಇಂಚಿನ ಪರದೆಯಲ್ಲಿ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸವು ಸುಮಾರು 7 ಅಡಿಗಳ ಆಚೆ ಕುಳಿತವರಿಗೆ ಮಸುಕಾಗತೊಡಗುತ್ತದೆ. ಇಂದು ದೊಡ್ಡ ಸೆಟ್‌ಗಳೆಲ್ಲ ಬಹುತೇಕ 4ಕೆ ಆಗಿಯೇ ಬರುವುದರಿಂದ ಅದನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಅದಕ್ಕೂ ಮೇಲಿನ 8ಕೆಗಾಗಿ ಹೆಚ್ಚಿನ ಹಣ ತೆರುವವರು, ಆ ಸೂಕ್ಷ್ಮವನ್ನು ಕಾಣಬೇಕಾದರೆ ಪರದೆಗೆ ಎಷ್ಟು ಹತ್ತಿರ ಕುಳಿತುಕೊಳ್ಳಬೇಕೆಂಬುದನ್ನು ಯೋಚಿಸಬೇಕು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಟೇಪು ಹಿಡಿದು, ಕುಳಿತವರ ಕಣ್ಣಿನಿಂದ ಟಿವಿ ಬರುವ ಗೋಡೆಯವರೆಗಿನ ದೂರವನ್ನು ಅಳೆದುಕೊಳ್ಳುವುದು ಮೊದಲ ಕೆಲಸ. ಸಿನಿಮಾ ನೋಡುವಾಗ ಪರದೆಯು ಕಣ್ಣಿಗೆ ಕನಿಷ್ಠ 30 ಡಿಗ್ರಿಗಳಷ್ಟು ಅಗಲವಾಗಿ ಕಾಣಬೇಕೆಂದೂ, ಚಿತ್ರಮಂದಿರದ ಅನುಭವ ಬೇಕಾದವರಿಗೆ 40 ಡಿಗ್ರಿಗಳಷ್ಟು ಇರಬೇಕೆಂದೂ ತಂತ್ರಜ್ಞರು ಹೇಳುತ್ತಾರೆ. ಅದನ್ನು ಅಡಿಗಳ ಲೆಕ್ಕಕ್ಕೆ ಇಳಿಸಿದರೆ ಹೀಗಾಗುತ್ತದೆ:

43 ಇಂಚು: ಸುಮಾರು 4½ರಿಂದ 6 ಅಡಿ
55 ಇಂಚು: ಸುಮಾರು 5½ರಿಂದ 7½ ಅಡಿ
65 ಇಂಚು: ಸುಮಾರು 6½ರಿಂದ 9 ಅಡಿ
75 ಇಂಚು: ಸುಮಾರು 7½ರಿಂದ 10 ಅಡಿ
85 ಇಂಚು: ಸುಮಾರು 8½ರಿಂದ 11½ ಅಡಿ

ಉದಾಹರಣೆಗೆ, 12 ಅಡಿ ಅಗಲ, 16 ಅಡಿ ಉದ್ದದ ಹಾಲಿನಲ್ಲಿ ಸೋಫಾ ಮತ್ತು ಗೋಡೆಯ ನಡುವೆ 9 ಅಡಿಗಳ ಅಂತರವಿದ್ದರೆ 65 ಇಂಚಿನ ಸೆಟ್ ಸರಿಯಾದ ಆಯ್ಕೆ. ಅಲ್ಲಿ 43 ಇಂಚಿನದನ್ನು ತಂದಿಟ್ಟರೆ, ಅದು ಎಷ್ಟೇ ಬೆಲೆಯದಾದರೂ ಸಿನಿಮಾ ಎನಿಸದು. 55ಕ್ಕಿಂತ 65 ಇಂಚಿನ ಪರದೆ ಕೇವಲ 10 ಇಂಚು ದೊಡ್ಡದೆಂದು ತೋರಿದರೂ ಅದರ ವಿಸ್ತೀರ್ಣ ಸುಮಾರು ಶೇ. 40ರಷ್ಟು ಹೆಚ್ಚು ಎಂಬುದು ಗಮನಾರ್ಹ. ಒಂದೇ ಹಣಕ್ಕೆ ಸಣ್ಣದಾದ ಉತ್ತಮ ಪರದೆ ಮತ್ತು ದೊಡ್ಡದಾದ ಸಾಧಾರಣ ಪರದೆ ಎರಡೂ ದೊರೆಯುವಾಗ, ಕೋಣೆಯ ಅಳತೆಗೆ ತಕ್ಕ ಗಾತ್ರವನ್ನು ಮೊದಲು ನಿಶ್ಚಯಿಸಿಕೊಂಡು, ಆ ಗಾತ್ರದಲ್ಲಿ ಒಳ್ಳೆಯದನ್ನು ಹುಡುಕುವುದು ಜಾಣತನ.

ಎತ್ತರದ ಮಾತೂ ಇದೆ. ಶೋಕೇಸಿನ ಮೇಲೆ, ಬಾಗಿಲಿನ ಎತ್ತರಕ್ಕೆ ಟಿವಿಯನ್ನು ತೂಗುಹಾಕುವುದು ಹಲವು ಮನೆಗಳಲ್ಲಿ ಕಂಡುಬರುತ್ತದೆ. ಎರಡೂವರೆ ಗಂಟೆಗಳ ಚಿತ್ರವನ್ನು ಕತ್ತೆತ್ತಿ ನೋಡಿದವರಿಗೆ ಅದರ ಕಷ್ಟ ಗೊತ್ತು. ಪರದೆಯ ನಡುಭಾಗವು ಕುಳಿತವರ ಕಣ್ಣಿನ ಮಟ್ಟಕ್ಕೆ ಸಮೀಪವಾಗಿರಬೇಕು. ಕುರ್ಚಿಯಲ್ಲಿ ಕುಳಿತವರಿಗೆ ಅದು ನೆಲದಿಂದ ಸುಮಾರು 3½ ಅಡಿ, ಜಮಖಾನೆಯ ಮೇಲೆ ಕುಳಿತು ನೋಡುವ ರೂಢಿಯಿದ್ದರೆ ಇನ್ನೂ ಕೆಳಗೆ. ಹಳೆಯ ಮಾಳಿಗೆ ಮನೆಗಳ ಮಣ್ಣಿನ ಗೋಡೆಗಳು ತಿರುಪುಮೊಳೆಗಳ ಮೇಲೆ ದೊಡ್ಡ ಸೆಟ್ಟಿನ ಭಾರವನ್ನು ಹೊರುತ್ತವೆಂಬ ಭರವಸೆಯಿಲ್ಲ. ಅಂಥ ಮನೆಗಳಲ್ಲಿ ಗೋಡೆಗೆ ಹಾಕುವುದರ ಬದಲು ಗಟ್ಟಿಯಾದ ಮೇಜಿನ ಮೇಲೆ ಇಡುವುದೇ ಕ್ಷೇಮ.

ಬೆಳಕಿಗೆ ತಕ್ಕ ಪರದೆ

ಗಾತ್ರ ನಿಶ್ಚಯವಾದ ಮೇಲೆ ಪರದೆಯ ಜಾತಿಯ ಪ್ರಶ್ನೆ. 2000ದ ದಶಕದಲ್ಲಿ ಪ್ಲಾಸ್ಮಾವೋ ಎಲ್‌ಸಿಡಿಯೋ ಎಂಬ ಚರ್ಚೆಯಿತ್ತು. ಪ್ಯಾನಸಾನಿಕ್ 2013ರಲ್ಲಿಯೂ ಸ್ಯಾಮ್‌ಸಂಗ್ ಮತ್ತು ಎಲ್‌ಜಿ 2014ರಲ್ಲಿಯೂ ಪ್ಲಾಸ್ಮಾ ತಯಾರಿಕೆಯನ್ನು ಕೈಬಿಟ್ಟವು. ಇಂದು ಕೊಳ್ಳುವವರ ಮುಂದಿರುವ ಆಯ್ಕೆ ಮುಖ್ಯವಾಗಿ ಎರಡು: ಹಿಂಬದಿಯ ದೀಪದಿಂದ ಬೆಳಗುವ ಎಲ್‌ಸಿಡಿ ಮತ್ತು ತಾನೇ ಬೆಳಗುವ ಓಎಲ್‌ಇಡಿ. ಪೇಠೆಯಲ್ಲಿ ‘ಎಲ್‌ಇಡಿ ಟಿವಿ’ ಎಂದು ಮಾರುವುದು ವಾಸ್ತವವಾಗಿ ಎಲ್‌ಇಡಿ ದೀಪವುಳ್ಳ ಎಲ್‌ಸಿಡಿಯೇ. ‘ಕ್ಯೂಎಲ್‌ಇಡಿ’ ಎಂಬುದೂ ಬೇರೆ ಜಾತಿಯಲ್ಲ. ಅದೇ ಎಲ್‌ಸಿಡಿಗೆ ಬಣ್ಣವನ್ನು ಶುದ್ಧಗೊಳಿಸುವ ಕ್ವಾಂಟಂ ಡಾಟ್ ಎಂಬ ಅತಿಸೂಕ್ಷ್ಮ ಹರಳುಗಳ ಪದರವನ್ನು ಸೇರಿಸಿದ್ದಾಗಿದೆ. ಈ ಹರಳುಗಳ ಸಂಶೋಧನೆಗಾಗಿ 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಎಲ್‌ಸಿಡಿಯ ಕೊರತೆಯೆಂದರೆ ಕಪ್ಪು. ಹಿಂದೆ ದೀಪ ಉರಿಯುತ್ತಲೇ ಇರುವುದರಿಂದ ಕಪ್ಪು ಬಣ್ಣವು ಬೂದಿಯಂತೆ ಕಾಣುತ್ತದೆ. ಇದರಲ್ಲಿಯೂ ಎರಡು ಒಳಭೇದಗಳಿವೆ. ಐಪಿಎಸ್ ಪರದೆಯನ್ನು ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದು. ಆದರೆ ಅದರ ಬಿಳುಪು-ಕಪ್ಪಿನ ಅನುಪಾತ ಸುಮಾರು ಸಾವಿರಕ್ಕೆ ಒಂದರಷ್ಟು. ವಿಎ ಪರದೆಯಲ್ಲಿ ಈ ಅನುಪಾತ ಮೂರು ಸಾವಿರ ಮತ್ತು ಅದಕ್ಕೂ ಮೇಲಿರುತ್ತದೆ. ಆದರೆ ಬದಿಗೆ ಕುಳಿತವರಿಗೆ ಚಿತ್ರ ಮಾಸಿದಂತೆ ಕಾಣುತ್ತದೆ. ಕೂಡುಕುಟುಂಬದ ಹಾಲಿನಲ್ಲಿ ಹತ್ತು ಜನ ಅಗಲವಾಗಿ ಕುಳಿತು ನೋಡುವ ಮನೆಗೂ, ಇಬ್ಬರು ಮೂವರು ಎದುರಿಗೇ ಕುಳಿತು ನೋಡುವ ಮನೆಗೂ ಒಂದೇ ಸೆಟ್ ಹೊಂದದಿರುವುದಕ್ಕೆ ಇದೇ ಕಾರಣ.

ಓಎಲ್‌ಇಡಿಯಲ್ಲಿ ಪ್ರತಿಯೊಂದು ಚುಕ್ಕೆಯೂ ತನ್ನದೇ ಬೆಳಕನ್ನು ಹೊಂದಿರುವುದರಿಂದ, ಕಪ್ಪು ಬೇಕಾದಲ್ಲಿ ಆ ಚುಕ್ಕೆ ಪೂರ್ಣವಾಗಿ ಆರಿಹೋಗುತ್ತದೆ. ಬದಿಯಿಂದ ನೋಡಿದರೂ ಚಿತ್ರ ಹೆಚ್ಚು ಕೆಡುವುದಿಲ್ಲ. ಕತ್ತಲು ಮಾಡಿಕೊಂಡ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಇದಕ್ಕೆ ಸರಿಸಾಟಿಯಿಲ್ಲ. ಆದರೆ ಎರಡು ಮಿತಿಗಳಿವೆ. ಪರದೆಯ ತುಂಬ ಬಿಳಿಯ ದೃಶ್ಯ ಬಂದಾಗ ಅದರ ಪ್ರಕಾಶವು ಉತ್ತಮ ಎಲ್‌ಸಿಡಿಗಿಂತ ಕಡಿಮೆ. ಎರಡನೆಯದಾಗಿ, ಒಂದೇ ಜಾಗದಲ್ಲಿ ನಿಶ್ಚಲವಾಗಿ ನಿಲ್ಲುವ ಚಿತ್ರವು ವರ್ಷಗಳಲ್ಲಿ ಅಚ್ಚೊತ್ತಿದಂತೆ ಉಳಿದುಬಿಡುವ ಅಪಾಯವಿದೆ. ಬೆಳಗಿನಿಂದ ರಾತ್ರಿಯವರೆಗೆ ಸುದ್ದಿ ವಾಹಿನಿ ಅಥವಾ ಶೇರು ಪೇಟೆಯ ದರಪಟ್ಟಿ ಓಡುತ್ತಿರುವ ದಲಾಲಿ ಅಂಗಡಿಗೆ ಇದು ತಕ್ಕದ್ದಲ್ಲ. ಇಂಥ ಅಚ್ಚು ವಾರಂಟಿಗೆ ಒಳಪಡುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಓದಿಕೊಳ್ಳಬೇಕು.

ಇವೆರಡರ ನಡುವಿನ ದಾರಿ ‘ಮಿನಿ ಎಲ್‌ಇಡಿ’. ಎಲ್‌ಸಿಡಿಯ ಹಿಂದಿನ ದೀಪಗಳನ್ನು ಬಹಳ ಸಣ್ಣದಾಗಿಸಿ, ನೂರಾರು ವಲಯಗಳಾಗಿ ವಿಂಗಡಿಸಿ, ಕತ್ತಲೆಯ ದೃಶ್ಯವಿದ್ದ ವಲಯದ ದೀಪವನ್ನು ಮಾತ್ರ ಕುಗ್ಗಿಸುವ ಏರ್ಪಾಡು ಇದು. ವಲಯಗಳು ಹೆಚ್ಚಿದಷ್ಟೂ ಚಿತ್ರ ಚೆನ್ನ. ಕಡಿಮೆಯಾದರೆ ಕಪ್ಪಿನ ಮೇಲಿನ ಬಿಳಿಯ ಅಕ್ಷರಗಳ ಸುತ್ತ ಮಂಜಿನಂತಹ ಪ್ರಭೆ ಕಾಣುತ್ತದೆ.

ಆಯ್ಕೆಯನ್ನು ಮಾಡಬೇಕಾದದ್ದು ಕೋಣೆಯ ಬೆಳಕು. ಇಟಗಿಯ ಗುಡಿಯ ತೆರೆದ ಮಂಟಪದಿಂದ ಒಳಗಿನ ಗರ್ಭಗೃಹದ ಕಡೆಗೆ ಹೆಜ್ಜೆ ಹೆಜ್ಜೆಗೂ ಬೆಳಕು ಕುಗ್ಗುತ್ತದೆ. ಹೊರಗೆ ಕಾಣದ ಸಣ್ಣ ಸೊಡರು ಒಳಗೆ ದೊಡ್ಡ ಬೆಳಕಾಗುತ್ತದೆ. ಅದರಂತೆ, ದೊಡ್ಡ ಗಾಜಿನ ಕಿಟಕಿಗಳುಳ್ಳ ಹೊಸ ಆರ್‌ಸಿಸಿ ಮನೆಯ ಹಾಲಿನಲ್ಲಿ ಹಗಲು ಹೊತ್ತು ಕ್ರಿಕೆಟ್, ಧಾರಾವಾಹಿ ನೋಡುವವರಿಗೆ ಪ್ರಕಾಶಮಾನವಾದ ಮಿನಿ ಎಲ್‌ಇಡಿ ಅಥವಾ ಒಳ್ಳೆಯ ಎಲ್‌ಸಿಡಿ ಹೊಂದುತ್ತದೆ. ಬೆಳಕಿಂಡಿಯೊಂದೇ ಇರುವ ದಪ್ಪ ಗೋಡೆಯ ಮಾಳಿಗೆ ಕೋಣೆ, ಅಥವಾ ಪರದೆ ಬಟ್ಟೆ ಎಳೆದು ಕತ್ತಲು ಮಾಡಬಲ್ಲ ಪ್ರತ್ಯೇಕ ಕೋಣೆಗೆ ಓಎಲ್‌ಇಡಿ ಹೊಂದುತ್ತದೆ. ಎರಡರಲ್ಲಿ ಯಾವುದೇ ಆದರೂ ಕಿಟಕಿಗೆ ಎದುರಾಗಿ ಟಿವಿಯನ್ನು ಇಡಬಾರದು. ಕಿಟಕಿಯ ಪ್ರತಿಬಿಂಬವನ್ನು ಅಳಿಸಬಲ್ಲ ಪರದೆ ಇನ್ನೂ ಬಂದಿಲ್ಲ.

ಅಂಗಡಿಯ ದೀಪದಡಿ ಕಂಡದ್ದು

ಇಳಕಲ್ ಸೀರೆ ಕೊಳ್ಳುವ ಹೆಣ್ಣುಮಕ್ಕಳು ಅಂಗಡಿಯ ದೀಪದಡಿ ಮೆಚ್ಚಿದ ಸೀರೆಯನ್ನು ಬಾಗಿಲಿಗೆ ತಂದು ಹಗಲಿನಲ್ಲಿ ಒಮ್ಮೆ ಬಿಡಿಸಿ ನೋಡುವುದುಂಟು. ಬಣ್ಣದ ನಿಜ ತಿಳಿಯುವುದು ಅಲ್ಲಿಯೇ ಎಂಬುದು ಅವರ ಅನುಭವ. ಟಿವಿಯನ್ನು ಕೊಳ್ಳುವಾಗ ಅದೇ ಎಚ್ಚರ ಬೇಕು. ಬಹಳಷ್ಟು ಸೆಟ್‌ಗಳಲ್ಲಿ ‘ಅಂಗಡಿ’ ಮತ್ತು ‘ಮನೆ’ ಎಂಬ ಎರಡು ಸ್ಥಿತಿಗಳಿರುತ್ತವೆ. ಅಂಗಡಿಯ ಸ್ಥಿತಿಯಲ್ಲಿ ಪ್ರಕಾಶ ಮತ್ತು ಬಣ್ಣ ಎರಡನ್ನೂ ಮಿತಿಮೀರಿ ಏರಿಸಿ, ಬಿಳುಪಿಗೆ ನೀಲಿಯ ಛಾಯೆ ಕೊಟ್ಟಿರಲಾಗುತ್ತದೆ. ಜೊತೆಗೆ ಓಡುತ್ತಿರುವುದು ಕಂಪನಿಯೇ ಸಿದ್ಧಪಡಿಸಿದ ಹೂವು, ಹಣ್ಣು, ಸಮುದ್ರದ ದೃಶ್ಯಗಳು. ಹೀಗೆ ಸಾಲಾಗಿ ನಿಲ್ಲಿಸಿದ ಹತ್ತು ಸೆಟ್‌ಗಳಲ್ಲಿ ಅತಿ ಹೆಚ್ಚು ಹೊಳೆಯುವುದೇ ಕಣ್ಣು ಸೆಳೆಯುತ್ತದೆ. ಆದರೆ ಮನೆಯ ಮಂದ ಬೆಳಕಿನಲ್ಲಿ ಅದೇ ಹೊಳಪು ಕಣ್ಣಿಗೆ ಆಯಾಸವಾಗುತ್ತದೆ.

ಚಲನಚಿತ್ರಗಳ ಬಣ್ಣವನ್ನು ಸ್ಟುಡಿಯೋದಲ್ಲಿ ತಿದ್ದುವವರು ಬಿಳುಪಿಗೆ ಹಗಲಿನ ಬೆಳಕಿಗೆ ಸಮೀಪವಾದ, ಸುಮಾರು 6,500 ಕೆಲ್ವಿನ್ ಎಂಬ ಅಳತೆಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಟಿವಿಯ ‘ಸಿನಿಮಾ’ ಅಥವಾ ‘ಮೂವಿ’ ಎಂಬ ಸ್ಥಿತಿಯು ಇದಕ್ಕೆ ಹತ್ತಿರವಾದದ್ದು. 2019ರಲ್ಲಿ ಪ್ರಕಟವಾದ ‘ಫಿಲ್ಮ್‌ಮೇಕರ್ ಮೋಡ್’ ಎಂಬ ಏರ್ಪಾಡು ಒಂದೇ ಗುಂಡಿಯಿಂದ ಈ ಸ್ಥಿತಿಗೆ ತರುತ್ತದೆ. ಮೊದಲ ಎರಡು ದಿನ ಚಿತ್ರವು ಸ್ವಲ್ಪ ಹಳದಿಯಾಗಿ, ಮಂಕಾಗಿ ತೋರಬಹುದು. ಕಣ್ಣು ಹೊಂದಿಕೊಂಡ ಮೇಲೆ ಹಳೆಯ ಸ್ಥಿತಿಗೆ ಮರಳುವವರು ಕಡಿಮೆ.

ಅಂಗಡಿಯಲ್ಲಿ ಮಾಡಿಸಿಕೊಳ್ಳಬೇಕಾದ ಪರೀಕ್ಷೆಗಳು ಇವು:

1. ಸೆಟ್ಟನ್ನು ಅಂಗಡಿಯ ಸ್ಥಿತಿಯಿಂದ ಮನೆಯ ಸ್ಥಿತಿಗೆ, ಬಳಿಕ ಸಿನಿಮಾ ಸ್ಥಿತಿಗೆ ತರಿಸುವುದು; ಸಾಧ್ಯವಾದರೆ ಆ ಭಾಗದ ದೀಪಗಳನ್ನು ಆರಿಸಲು ಕೇಳುವುದು.

2. ಕತ್ತಲೆಯ ದೃಶ್ಯಗಳುಳ್ಳ, ಮೊದಲೇ ನೋಡಿ ಪರಿಚಯವಿರುವ ಚಿತ್ರವನ್ನು ಹಾಕಿಸುವುದು. 2022ರ ‘ಕಾಂತಾರ’ ಚಿತ್ರದ ರಾತ್ರಿಯ ದೃಶ್ಯಗಳು ಇದಕ್ಕೆ ಉಪಯುಕ್ತ. ದೀಪದ ಬೆಳಕಿನಿಂದ ಆಚೆಗಿರುವ ಮುಖಗಳೂ ಮರಗಳೂ ಕತ್ತಲಲ್ಲಿ ಬೇರೆಬೇರೆಯಾಗಿ ಕಾಣುತ್ತವೆಯೇ, ಇಲ್ಲವೇ ಎಲ್ಲ ಸೇರಿ ಕಪ್ಪು ಮುದ್ದೆಯಾಗುತ್ತವೆಯೇ ಎಂದು ನೋಡಬೇಕು.

3. ಅನೇಕ ದೊಡ್ಡ ಚಿತ್ರಗಳ ಅಗಲವು ಎತ್ತರದ 2.39 ಪಟ್ಟು ಇರುವುದರಿಂದ ಟಿವಿಯಲ್ಲಿ ಮೇಲೆ ಮತ್ತು ಕೆಳಗೆ ಪಟ್ಟಿಗಳು ಉಳಿಯುತ್ತವೆ. ಆ ಪಟ್ಟಿಗಳು ಕಪ್ಪಗಿವೆಯೋ ಬೂದು ಬಣ್ಣಕ್ಕಿವೆಯೋ ಎಂಬುದೇ ಪರದೆಯ ಗುಣಮಟ್ಟಕ್ಕೆ ಸಾಕ್ಷಿ.

4. ಮನೆಯ ಅತಿ ಬದಿಯ ಆಸನದ ಕೋನದಲ್ಲಿ ನಿಂತು ಮನುಷ್ಯರ ಮೈಬಣ್ಣವನ್ನು ಗಮನಿಸುವುದು. ಹೂವಿನ ಬಣ್ಣ ಸುಳ್ಳಾದರೆ ತಿಳಿಯದು. ಮೈಬಣ್ಣ ಸುಳ್ಳಾದರೆ ಯಾರಿಗಾದರೂ ತಿಳಿಯುತ್ತದೆ.

ಪೆಟ್ಟಿಗೆಯ ಮೇಲಿನ ಹೆಸರುಗಳು

ಸೆಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಹೆಸರುಗಳಲ್ಲಿ ಬೆಲೆ ಕೊಡಬೇಕಾದದ್ದು ಯಾವುದಕ್ಕೆ ಎಂಬುದನ್ನು ಸಂಕ್ಷಿಪ್ತವಾಗಿ ಹೀಗೆ ಹೇಳಬಹುದು.

ಎಚ್‌ಡಿಆರ್: ಹೊಳೆಯುವ ಭಾಗ ಮತ್ತು ನೆರಳಿನ ಭಾಗ ಎರಡನ್ನೂ ಒಂದೇ ದೃಶ್ಯದಲ್ಲಿ ತೋರಿಸುವ ತಂತ್ರ. ಇದಕ್ಕಾಗಿ ಚಿತ್ರಗಳನ್ನು ಸಾಮಾನ್ಯವಾಗಿ 1,000 ನಿಟ್ಸ್ ಅಥವಾ ಅದಕ್ಕೂ ಹೆಚ್ಚಿನ ಪ್ರಕಾಶಕ್ಕೆ ಸಿದ್ಧಪಡಿಸಲಾಗುತ್ತದೆ. 300 ನಿಟ್ಸ್ ಮಾತ್ರ ಕೊಡಬಲ್ಲ ಅಗ್ಗದ ಸೆಟ್ಟಿನ ಮೇಲೆಯೂ ‘ಎಚ್‌ಡಿಆರ್’ ಎಂದು ಬರೆದಿರುತ್ತದೆ. ಅದರ ಅರ್ಥ ಆ ಸಂಕೇತವನ್ನು ಅದು ಸ್ವೀಕರಿಸುತ್ತದೆ ಎಂದಷ್ಟೇ, ತೋರಿಸುತ್ತದೆ ಎಂದಲ್ಲ. ಡಾಲ್ಬಿ ವಿಷನ್, ಎಚ್‌ಡಿಆರ್10+ ಎಂಬವು ಇದರ ಸುಧಾರಿತ ರೂಪಗಳು. ಎಲ್ಲ ತಯಾರಕರೂ ಎರಡನ್ನೂ ಕೊಡುವುದಿಲ್ಲ.

ಹರ್ಟ್ಸ್: ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಚೌಕಟ್ಟು ಸರಿಯಾಗಿ 5 ಸಲ ಬರುತ್ತದೆ. 60ರಲ್ಲಿ ಈ ಭಾಗಾಕಾರ ಸಮವಾಗದು, ಆದ್ದರಿಂದ ಕ್ಯಾಮೆರಾ ನಿಧಾನವಾಗಿ ತಿರುಗುವ ದೃಶ್ಯಗಳಲ್ಲಿ ಸಣ್ಣ ಕುಲುಕು ಕಾಣಬಹುದು. ‘ಮೋಷನ್’ ಎಂಬ ಪದದೊಡನೆ ಬರುವ ದೊಡ್ಡ ಸಂಖ್ಯೆಗಳು ಮಾರಾಟದ ಭಾಷೆ; ಪರದೆಯ ನಿಜವಾದ ಹರ್ಟ್ಸ್ ಎಷ್ಟೆಂದು ಕೇಳಬೇಕು. ಚಲನೆಯನ್ನು ನಯಗೊಳಿಸುವ ಸೌಲಭ್ಯವನ್ನು ಆರಿಸದಿದ್ದರೆ ಸಿನಿಮಾ ಕೂಡ ಧಾರಾವಾಹಿಯಂತೆ ಕಾಣುತ್ತದೆ.

ಇಆರ್ಕ್: ಧ್ವನಿಯನ್ನು ಟಿವಿಯಿಂದ ಹೊರಗಿನ ಸೌಂಡ್‌ಬಾರ್ ಅಥವಾ ಆಂಪ್ಲಿಫೈಯರಿಗೆ ಪೂರ್ಣ ಗುಣಮಟ್ಟದಲ್ಲಿ ಕಳುಹಿಸುವ ಎಚ್‌ಡಿಎಂಐ ಕಿಂಡಿ. ತೆಳುವಾದ ಟಿವಿಗಳ ಸ್ಪೀಕರುಗಳು ದುರ್ಬಲವಾಗಿರುವುದರಿಂದ ಹೋಂ ಥಿಯೇಟರ್ ಮಾಡುವವರು ಇದನ್ನು ಬಿಡಬಾರದು. ಬಜೆಟ್ಟಿನ ಒಂದು ಭಾಗವನ್ನು ಧ್ವನಿಗೆಂದು ಮೊದಲೇ ತೆಗೆದಿಡಬೇಕು.

ಇಷ್ಟೆಲ್ಲ ಇದ್ದರೂ ಪರದೆಗೆ ಬರುವ ಚಿತ್ರ ಒಳ್ಳೆಯದಾಗಿರಬೇಕು. ಡಿಡಿ ಫ್ರೀ ಡಿಶ್‌ನ ಸಾಧಾರಣ ವಾಹಿನಿಗಳ ಚಿತ್ರವನ್ನು 75 ಇಂಚಿಗೆ ಹಿಗ್ಗಿಸಿದರೆ ದೋಷಗಳೇ ದೊಡ್ಡದಾಗಿ ಕಾಣುತ್ತವೆ. ಇಂಟರ್ನೆಟ್ ಮೂಲಕ 4ಕೆ ಚಿತ್ರ ನೋಡಲು ನೆಟ್‌ಫ್ಲಿಕ್ಸ್ ಸಂಸ್ಥೆಯು ಸೆಕೆಂಡಿಗೆ 15 ಎಂಬಿಪಿಎಸ್ ವೇಗವನ್ನು ಶಿಫಾರಸು ಮಾಡುತ್ತದೆ. ಊರಿನಲ್ಲಿ ಅಷ್ಟು ವೇಗದ ಫೈಬರ್ ಸಂಪರ್ಕ ಸಂಜೆಯ ಹೊತ್ತಿನಲ್ಲಿಯೂ ನಿಲ್ಲುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳುವುದು ಒಳಿತು.

ವಿದ್ಯುತ್ತು, ಸಿಡಿಲು, ಧೂಳು

ಈಗಿನ ಟಿವಿಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ಗಳವರೆಗೆ ಕೆಲಸ ಮಾಡುವುದರಿಂದ, ವೋಲ್ಟೇಜ್ ಇಳಿತದ ಭಯ ಹಿಂದಿನಷ್ಟಿಲ್ಲ. ಅಪಾಯವಿರುವುದು ವಿದ್ಯುತ್ ಹೋಗಿ ಮರಳಿ ಬರುವ ಕ್ಷಣದ ಏರಿಕೆಯಲ್ಲಿ ಮತ್ತು ಏಪ್ರಿಲ್-ಮೇ ತಿಂಗಳುಗಳ ಅಡ್ಡಮಳೆಯ ಸಿಡಿಲಿನಲ್ಲಿ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ತಿಳಿದ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಂಡು, ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿಸಬೇಕು. ಗುಡುಗು ಆರಂಭವಾಗುವ ಮೊದಲೇ ವಿದ್ಯುತ್ ಪ್ಲಗ್ಗಿನ ಜೊತೆಗೆ ಡಿಶ್ ಕೇಬಲ್ಲನ್ನೂ ಕೀಳಬೇಕು; ಗುಡುಗು-ಸಿಡಿಲಿನ ನಡುವೆ ಅವನ್ನು ಮುಟ್ಟಬಾರದು. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಎರೆ ಭೂಮಿಯ ಬೇಸಿಗೆಯ ಧೂಳು ಸೆಟ್ಟಿನ ಹಿಂಬದಿಯ ಗಾಳಿಕಿಂಡಿಗಳನ್ನು ಮುಚ್ಚುತ್ತದೆ. ಗೋಡೆಯೊಳಗೆ ಗೂಡು ಮಾಡಿ ಟಿವಿಯನ್ನು ಹುದುಗಿಸುವ ವಿನ್ಯಾಸಗಳಲ್ಲಿ ಶಾಖ ಹೊರಹೋಗಲು ಸುತ್ತಲೂ ನಾಲ್ಕಾರು ಇಂಚು ಬಿಡಬೇಕು. ಪರದೆಯನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಮಾತ್ರ ಒರೆಸಬೇಕು. ಪರದೆ ಒಡೆದರೆ ಅದನ್ನು ಬದಲಿಸುವ ಖರ್ಚು ಹೊಸ ಸೆಟ್ಟಿನ ಬೆಲೆಗೆ ಹತ್ತಿರವಾಗುವುದುಂಟು. ವಾರಂಟಿ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಬಿಲ್ಲು ಯಾರ ಹೆಸರಿಗೆ?

ಈಗ ಲೆಕ್ಕಪುಸ್ತಕದ ಮಾತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಟಿವಿಗಳಿಗೆ ಶೇ. 28ರ ತೆರಿಗೆಯಿತ್ತು. 2019ರ ಜನವರಿ 1ರಿಂದ 32 ಇಂಚಿನವರೆಗಿನ ಸೆಟ್‌ಗಳಿಗೆ ಅದು ಶೇ. 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಅದಕ್ಕಿಂತ ದೊಡ್ಡ ಸೆಟ್‌ಗಳಿಗೂ ಶೇ. 18ರ ದರ ಅನ್ವಯವಾಯಿತು. ಮೂಲ ಬೆಲೆ ರೂ. 1,00,000 ಇರುವ ಸೆಟ್ಟು ಮೊದಲು ರೂ. 1,28,000 ಆಗುತ್ತಿದ್ದರೆ, ಹೊಸ ದರದಲ್ಲಿ ರೂ. 1,18,000 ಆಗುತ್ತದೆ.

ಈ ರೂ. 18,000ವನ್ನು ಕಂಡು, ಮನೆಗೆ ಕೊಂಡ ಟಿವಿಯ ಬಿಲ್ಲಿಗೆ ಅಂಗಡಿಯ ಜಿಎಸ್‌ಟಿ ಸಂಖ್ಯೆ ಹಾಕಿಸಿ, ಇನ್‌ಪುಟ್ ತೆರಿಗೆ ಜಮೆ ಪಡೆಯುವ ಆಸೆ ಕೆಲವರಿಗೆ ಹುಟ್ಟುತ್ತದೆ. ಇದು ಸಲ್ಲದು. ಸ್ವಂತ ಬಳಕೆಯ ಸರಕಿನ ಮೇಲಿನ ಜಮೆಯನ್ನು ಕೇಂದ್ರ ಜಿಎಸ್‌ಟಿ ಕಾಯಿದೆಯ 17(5) ವಿಧಿ ಸ್ಪಷ್ಟವಾಗಿ ನಿರ್ಬಂಧಿಸಿದೆ. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಯನ್ನು ಶೇ. 18ರ ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ; ದಂಡ ಅದಕ್ಕೆ ಪ್ರತ್ಯೇಕ. ಅಕ್ಕಿ ಗಿರಣಿಯ ಅಥವಾ ಎಣ್ಣೆ ಅಂಗಡಿಯ ಲೆಕ್ಕದಲ್ಲಿ 65 ಇಂಚಿನ ಟಿವಿ ಕಂಡಾಗ ಅದು ಎಲ್ಲಿದೆ ಎಂದು ಅಧಿಕಾರಿ ಕೇಳುವುದು ಸಹಜ. ಒಂದು ತಪ್ಪು ಬಿಲ್ಲು ಉಳಿದ ನೂರು ಸರಿಯಾದ ಬಿಲ್ಲುಗಳ ಮೇಲೆಯೂ ಸಂಶಯ ಹುಟ್ಟಿಸುತ್ತದೆ. ಅದರ ಬೆಲೆ ರೂ. 18,000ಕ್ಕಿಂತ ಬಹಳ ಹೆಚ್ಚು. ಮನೆಯ ಟಿವಿಗೆ ಮನೆಯವರ ಹೆಸರಿನಲ್ಲಿ ಬಿಲ್ಲು, ಅಂಗಡಿಯಿಂದ ಹಣ ತೆಗೆದರೆ ಡ್ರಾಯಿಂಗ್ಸ್ ಖಾತೆಗೆ ಖರ್ಚು, ಇದು ನೇರವಾದ ದಾರಿ.

ವ್ಯಾಪಾರಕ್ಕೇ ಬಳಸುವ ಟಿವಿಯ ಮಾತು ಬೇರೆ. ಷೋರೂಮಿನಲ್ಲಿ ಗಿರಾಕಿಗಳಿಗಾಗಿ ಇಟ್ಟ ಸೆಟ್ಟು ಸ್ಥಿರಾಸ್ತಿಯಾಗುತ್ತದೆ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಂತೆ ಶೇ. 15ರ ಸವಕಳಿ ದೊರೆಯುತ್ತದೆ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಜಿಎಸ್‌ಟಿಯ ಜಮೆ ಪಡೆದ ಮೇಲೆ ಆ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೆ ಜಮೆಯೇ ಇಲ್ಲ. ಆನೆಗೊಂದಿ ಸುತ್ತಮುತ್ತ ವಸತಿಗೃಹ ನಡೆಸುವವರು ಇನ್ನೊಂದನ್ನು ಗಮನಿಸಬೇಕು: ದಿನಕ್ಕೆ ರೂ. 7,500ರವರೆಗಿನ ಬಾಡಿಗೆಯ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಮೆಯಿಲ್ಲದ ಶೇ. 5ರ ದರ ಬಂದಿರುವುದರಿಂದ, ಆ ಕೋಣೆಗಳಿಗೆ ಹಾಕುವ ಟಿವಿಯ ತೆರಿಗೆಯೆಲ್ಲ ಖರ್ಚೇ.

ಕಂಪನಿಯ ಗುರಿ ಮುಟ್ಟಿದ್ದಕ್ಕೆ ಬಹುಮಾನವಾಗಿ ಬಂದ ಟಿವಿಯೂ ಪೂರ್ತಿ ಉಚಿತವಲ್ಲ. ವರ್ಷದಲ್ಲಿ ರೂ. 20,000 ಮೀರಿದ ಇಂಥ ವ್ಯಾಪಾರ ಲಾಭಗಳ ಮೇಲೆ ಶೇ. 10ರ ಮೂಲದಲ್ಲಿ ತೆರಿಗೆ ಕಡಿತದ ಏರ್ಪಾಡು, ಆಗಿನ ಆದಾಯ ತೆರಿಗೆ ಕಾಯಿದೆಯ 194ಆರ್ ವಿಧಿಯಾಗಿ, 2022ರ ಜುಲೈ 1ರಂದು ಜಾರಿಗೆ ಬಂದಿತು. ಬಹುಮಾನದ ಮೌಲ್ಯವನ್ನು ಆದಾಯದಲ್ಲಿ ತೋರಿಸಬೇಕು.

‘ಬಡ್ಡಿಯಿಲ್ಲದ ಕಂತು’ ಎಂಬುದನ್ನೂ ವರ್ತಕರು ತಮ್ಮ ವೃತ್ತಿಯ ಕಣ್ಣಿನಿಂದಲೇ ನೋಡಬೇಕು. ರೂ. 1,18,000ದ ಸೆಟ್ಟಿಗೆ ನಗದು ಕೊಟ್ಟವರಿಗೆ ರೂ. 6,000 ಸೋಡಿ ಸಿಗುವುದಾದರೆ, ಅದನ್ನು ಬಿಟ್ಟು 12 ಕಂತುಗಳಲ್ಲಿ ಪೂರ್ಣ ಬೆಲೆ ತೆತ್ತವರು ವಾಸ್ತವವಾಗಿ ಸುಮಾರು ಶೇ. 10ರ ಬಡ್ಡಿ ಕೊಟ್ಟಂತಾಯಿತು. ಅದಕ್ಕೆ ಸಂಸ್ಕರಣಾ ಶುಲ್ಕ ಸೇರುತ್ತದೆ.

ಮಾರುವವರಿಗೆ ಎರಡು ಮಾತು

ಆನ್‌ಲೈನ್ ಮಾರಾಟದ ಪೈಪೋಟಿಯಿಂದ ಊರಿನ ಟಿವಿ ಅಂಗಡಿಗಳವರು ಬೇಸತ್ತಿರುವುದು ನಿಜ. ಬೆಲೆಯೊಂದರಲ್ಲಿಯೇ ಆ ಪೈಪೋಟಿಯನ್ನು ಎದುರಿಸುವುದು ಕಷ್ಟ. ಆದರೆ ಗಿರಾಕಿಯ ಹಾಲನ್ನು ಅಳೆದು 75ರ ಬದಲು 65 ಇಂಚು ಸಾಕೆಂದು ಹೇಳುವುದು, ಅಂಗಡಿಯ ಒಂದು ಮೂಲೆಯನ್ನು ಕತ್ತಲು ಮಾಡಿ ತೋರಿಸುವುದು, ಮನೆಗೆ ಬಂದು ಎತ್ತರ ನೋಡಿ ಕೂರಿಸಿ ಸಿನಿಮಾ ಸ್ಥಿತಿಗೆ ಹೊಂದಿಸಿಕೊಡುವುದು, ಕೆಟ್ಟಾಗ ದುರಸ್ತಿಯವರನ್ನು ಕರೆಸುವುದು, ಇವು ದೂರದ ಗೋದಾಮಿನಿಂದ ಆಗುವ ಕೆಲಸಗಳಲ್ಲ. ದೊಡ್ಡದನ್ನೇ ಮಾರಿ ಒಂದು ಸಲ ಗಳಿಸುವುದಕ್ಕಿಂತ, ಸರಿಯಾದುದನ್ನು ಮಾರಿ ಆ ಬೀದಿಯ ನಾಲ್ಕು ಮನೆಗಳನ್ನು ಗಳಿಸುವುದು ಮೇಲು. ಬಿಐಎಸ್ ನೋಂದಣಿಯ ಮುದ್ರೆ, ಇಂಧನ ನಕ್ಷತ್ರಗಳ ಪಟ್ಟಿಯಲ್ಲಿರುವ ವರ್ಷದ ವಿದ್ಯುತ್ ಬಳಕೆ, ಹತ್ತಿರದ ಸೇವಾ ಕೇಂದ್ರದ ವಿಳಾಸ, ಈ ಮೂರನ್ನು ಗಿರಾಕಿ ಕೇಳುವ ಮೊದಲೇ ತೋರಿಸಿದರೆ ವಿಶ್ವಾಸ ಬೆಳೆಯುತ್ತದೆ.

ಕೊಳ್ಳುವವರಿಗಾದರೋ ನೆನಪಿನಲ್ಲಿಡಬೇಕಾದದ್ದು ಇಷ್ಟು: ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಕೂರುವ ದೂರ, ಕಿಟಕಿಯ ದಿಕ್ಕು, ನೋಡುವ ಹೊತ್ತು, ಕೂರುವವರ ಸಂಖ್ಯೆ ಮತ್ತು ಧ್ವನಿಯೂ ಸೇರಿದ ಒಟ್ಟು ಬಜೆಟ್ ಬರೆದುಕೊಳ್ಳಬೇಕು. ಈ ಐದು ಸಾಲುಗಳಿಗೆ ಹೊಂದಿದ ಸೆಟ್ಟೇ ಉತ್ತಮ ಸೆಟ್ಟು, ಪಕ್ಕದ ಮನೆಯಲ್ಲಿರುವುದಲ್ಲ. ಸರಕನ್ನು ಅಳೆದು ತೂಗಿ ಕೊಳ್ಳುವ ವಿದ್ಯೆ ವರ್ತಕರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಂಗಡಿಯಲ್ಲಿ ದಿನವೂ ಬಳಸುವ ಅದೇ ವಿದ್ಯೆಯನ್ನು ಮನೆಯ ಖರೀದಿಗೂ ಬಳಸಿದರೆ ಸಾಕು.